ಎಣ್ಣಿ ಬಿಡಿಸೋ ನೀರು

ಬಂಡೆಹಾಳದ ಕೇರಿಯ ಬಾವಿಯನ್ನು ಮಾರ್ಚ್ ತಿಂಗಳ ಎರಡನೆಯ ಮಂಗಳವಾರ ಮುಚ್ಚಿದರು. ಪಂಚಾಯಿತಿಯವರು ಕಲ್ಲುಗಣಿಯಿಂದ ಏಳು ಟ್ರ್ಯಾಕ್ಟರ್ ಫರಸಿಕಲ್ಲಿನ ಚೂರು ತರಿಸಿ ಸುರುವಿದರು. ಬಾವಿಯಲ್ಲಿ ಹದಿನಾಲ್ಕು ಅಡಿ ನೀರಿತ್ತು. ಕೇರಿಯಲ್ಲಿ ನಲವತ್ತೊಂದು ಮನೆಗಳಿದ್ದವು. ಅವರಿಗೆ ಬೇರೆ ಬಾವಿ ಇರಲಿಲ್ಲ.

ಮುಚ್ಚುವುದಕ್ಕೆ ಆಧಾರವಾದ ಕಾಗದದ ಕೆಳಗೆ ಪಂಚಶೀಲಾಳ ರುಜು ಇತ್ತು. ಪಂಚಶೀಲಾ ಅದೇ ಕೇರಿಯ ತಿಮ್ಮವ್ವನ ಮಗಳು.

ತಿಮ್ಮವ್ವನಿಗೆ ಓದು ಬರುವುದಿಲ್ಲ. ಆದರೆ ಮಗಳ ರುಜು ಬರುತ್ತದೆ. ಹೈಸ್ಕೂಲಿನ ಸ್ಕಾಲರ್‌ಶಿಪ್ ಅರ್ಜಿಯಿಂದ ಹಿಡಿದು ಕಲಬುರಗಿಯಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಸೇರಿದ ಅರ್ಜಿಯವರೆಗೂ ತನ್ನ ಹೆಬ್ಬೆಟ್ಟಿನ ಪಕ್ಕದಲ್ಲಿ ಆ ರುಜು ಬೀಳುವುದನ್ನು ನೋಡುತ್ತ ಬಂದವಳು. ಮೊದಲ ಅಕ್ಷರಕ್ಕೊಂದು ಉದ್ದ ಬಾಲ, ಕೊನೆಗೆರಡು ಚುಕ್ಕಿ. ಸಂಜೆ ಆರರ ಬಸ್ಸಿಗೆ ಮಗಳು ಯಾದಗಿರಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ, ಪಂಚಾಯಿತಿಯವರು ಬೇವಿನ ಗಿಡಕ್ಕೆ ಅಂಟಿಸಿದ್ದನ್ನು ಕಿತ್ತು ತಂದಿದ್ದ ಕಾಗದವನ್ನು ಮುಂದೆ ಹಿಡಿದಳು.

"ಈ ಬಾಲ ನಿಂದಲ್ಲೇನ ಪಂಚೀ?"

ಪಂಚಶೀಲಾ ನೋಡಿದಳು. ಗೋಂದಿಗೆ ಅಂಟಿದ ತೊಗಟೆಯ ಸಮೇತ ಅದು ಅವಳದೇ ವರದಿ. ಸಲ್ಫೇಟು ಇಷ್ಟು, ಮೆಗ್ನೀಸಿಯಂ ಇಷ್ಟು, ಗಡಸುತನ ಇಷ್ಟು. ಕುಡಿಯಲು ಯೋಗ್ಯವಲ್ಲ.

"ಹೌದ್ಬೇ."

"ಹಂಗಾದ್ರ ನೀನೇ ಬರದಿ."

"ನಳ ಬರ್ತದಂತ ಬರದ್ನಿ ಬೇ. ನೀರು ಕೆಟ್ಟದ್ದಂತ ಬರದ್ರ ಒಳ್ಳೇ ನೀರು ಕೊಡ್ತಾರಂತ ತಿಳದ್ನಿ."

ತಿಮ್ಮವ್ವ ನಕ್ಕಳು. ಆ ನಗೆಗಿಂತ ಎರಡು ಏಟು ಕೊಟ್ಟಿದ್ದರೆ ಮಗಳಿಗೆ ಹಗುರವಾಗುತ್ತಿತ್ತು. "ಇಷ್ಟು ಕಲತು ಏನು ಕಲತೀ? ನಮ್ಮಂತೋರ ಬಾಯಾಗಿಂದ ಕೆಟ್ಟದ್ದೂ ಕಸ್ಗೋತಾರ, ಒಳ್ಳೇದು ಯಾವಾಗ ಕೊಟ್ಟಾರ?"

ಅವಳ ವರದಿಯಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ಅವಳನ್ನು ಸುಡುತ್ತಿದ್ದದ್ದು. ಕೇರಿಯ ಬಾವಿಯ ನೀರು ನಿಜಕ್ಕೂ ಕಹಿ. ಸುರಪುರದಿಂದ ಮದುವೆಯಾಗಿ ಬಂದ ತಿಮ್ಮವ್ವ ಮೊದಲ ವಾರವೆಲ್ಲ ಚೊಂಬು ಹಿಡಿದು ಬಯಲಿಗೆ ಓಡಿದ್ದನ್ನು ಕೇರಿಯ ಮುದುಕಿಯರು ಇವತ್ತಿಗೂ ಹೇಳಿ ನಗುತ್ತಾರೆ. ಎಂಟನೆಯ ದಿನಕ್ಕೆ ಹೊಟ್ಟೆ ಒಪ್ಪಿಕೊಂಡಿತು. ಭೀಮರಾಯನಗುಡಿಯ ಕಡೆಯಿಂದ ಬರುವ ಕಾಲುವೆಯ ಸಿಹಿ ನೀರು ಮೇಲಿನ ಓಣಿಯವರ ಹೊಲಕ್ಕೆ ಹೋಗುತ್ತದೆ, ಅವರ ಎಮ್ಮೆಗೆ ಹೋಗುತ್ತದೆ, ಅವರ ಟ್ರ್ಯಾಕ್ಟರಿನ ಗಾಲಿ ತೊಳೆಯಲು ಹೋಗುತ್ತದೆ. ಕೇರಿಗೆ ಬರುವ ದಾರಿ ಮಾತ್ರ ಅದಕ್ಕೆ ಇನ್ನೂ ಗೊತ್ತಾಗಿಲ್ಲ.

ಈ ಕಹಿ ನೀರಿಗೆ ಒಂದು ಗುಣವಿತ್ತು. ಅದು ಕಲ್ಲಿನಿಂದ ಎಣ್ಣೆ ಬಿಡಿಸುತ್ತಿತ್ತು.

ಬಂಡೆಹಾಳದ ಹಣಮಪ್ಪನ ಗುಡಿಗೆ ಶನಿವಾರ ಬಂದರೆ ಸಾಕು, ಸುತ್ತ ಹತ್ತು ಊರಿನವರು ಎಣ್ಣೆ ಹಿಡಿದು ಬರುತ್ತಾರೆ. ದೇವರ ಮೇಲೆ ಸುರಿದ ಎಣ್ಣೆ ಮೆಟ್ಟಿಲಿಳಿದು ಅಂಗಳಕ್ಕೆ ಹರಿಯುತ್ತದೆ. ಅಂಗಳಕ್ಕೆ ಹಾಸಿದ್ದು ಊರಿನ ಗಣಿಯದೇ ಫರಸಿ, ಅಂದರೆ ಸುಣ್ಣದ ಕಲ್ಲು. ಸುಣ್ಣದ ಕಲ್ಲು ಎಣ್ಣೆ ಕಂಡರೆ ಬಿಡುವುದಿಲ್ಲ. ಕುಡಿದು ಕರ್ರಗಾಗಿ, ಕಾಲಿಟ್ಟವರನ್ನು ಕೆಡವುತ್ತದೆ. ಮೇಲಿನ ಓಣಿಯವರು ಕಾಲುವೆಯ ನೀರು ಹಾಕಿ ನೋಡಿದ್ದರು, ಸಾಬೂನಿನ ಪುಡಿ ಹಾಕಿ ನೋಡಿದ್ದರು. ಕಡೆಗೆ ಯಾವ ಅಜ್ಜನ ಕಾಲದಲ್ಲೋ ಕೇರಿಯ ಹೆಂಗಸರನ್ನು ಕರೆದರು.

ಅಂದಿನಿಂದ ಭಾನುವಾರ ಹೊತ್ತೇರುವ ಹೊತ್ತಿಗೆ ಹೆಂಗಸರು ತಮ್ಮ ಬಾವಿಯ ನೀರು ಹೊತ್ತು ಹೋಗಿ ಅಂಗಳದ ತುಂಬ ನಿಲ್ಲಿಸುತ್ತಾರೆ. ಸುತ್ತ ಮಣ್ಣಿನ ಬದು. ಬಿಸಿಲು ಕಲ್ಲನ್ನು ಕಾಯಿಸುತ್ತದೆ, ಕಲ್ಲು ನೀರನ್ನು ಕಾಯಿಸುತ್ತದೆ. "ಕಾಯಲಿ, ಜಲ್ದಿ ಮಾಡಬ್ಯಾಡ್ರಿ" ಎನ್ನುತ್ತ ತಿಮ್ಮವ್ವ ಗೋಡೆಯ ಹೊರಗೆ ನೆರಳಿಗೆ ಕೂರುತ್ತಾಳೆ. ಒಳಗಿನ ನೆರಳು ಅವರದಲ್ಲ. ಮೂರು ತಾಸಿಗೆ ಎಣ್ಣೆ ಕಲ್ಲಿನ ಮೈ ಬಿಟ್ಟು, ದುಂಡು ದುಂಡಾಗಿ, ನವಣೆಯ ಕಾಳಿನಂತೆ ಮೇಲೇಳುತ್ತದೆ. ಕಸಬರಿಗೆ ಆಡಿಸಿದರೆ ಕಲ್ಲು ಬೆಳ್ಳಗೆ. ಹೆಂಗಸರು ಹೊರಟ ಮೇಲೆ ಪೂಜಾರಿ ಒಂದು ಕೊಡ ಕಾಲುವೆ ನೀರು ತಂದು ಅಂಗಳಕ್ಕೆ ಚಿಮುಕಿಸುತ್ತಾನೆ. ಎಣ್ಣೆ ಬಿಡಿಸಲು ಒಂದು ನೀರು, ಬಿಡಿಸಿದವರ ಗುರುತು ಬಿಡಿಸಲು ಇನ್ನೊಂದು ನೀರು.

ಇದನ್ನೆಲ್ಲ ಪಂಚಶೀಲಾ ಕಸಬರಿಗೆ ಎತ್ತುವಷ್ಟು ಎತ್ತರವಾದಾಗಿನಿಂದ ಬಲ್ಲಳು. ಬಲ್ಲೆ ಎಂದು ಎಲ್ಲೂ ಹೇಳಿಕೊಂಡಿರಲಿಲ್ಲ. ಹೇಳಿಕೊಂಡದ್ದು ಒಂದೇ ಸಲ, ಒಬ್ಬರ ಮುಂದೆ. ಆ ಒಬ್ಬರು ಶಿವಶರಣ ಸರ್.

ಯಾದಗಿರಿ ಸ್ಟೇಷನ್ನಿನ ಹಿಂದೆ, ಮೊದಲು ಹತ್ತಿ ಹಿಂಜುತ್ತಿದ್ದ ಶೆಡ್ಡಿನಲ್ಲಿ ಶಿವಶರಣ ಸರ್ ಅವರ ಲ್ಯಾಬು, ಪಂಚಶೀಲಾ ಕೆಲಸಕ್ಕೆ ಹೋಗುವುದು ಅಲ್ಲಿಗೇ. ಸರ್ ಹೊರದೇಶದಲ್ಲಿ ಓದಿ ಬಂದವರು. ಊರಿನ ಸಭೆಗಳಲ್ಲಿ ಜಾತಿ ಅಳಿಯಬೇಕೆಂದು ಕಣ್ಣು ತುಂಬಿಕೊಂಡು ಮಾತಾಡುವವರು. ಲ್ಯಾಬಿನಲ್ಲಿ ಅವರ ನೀರಿನ ಬಾಟಲಿಗೆ ಮಾತ್ರ ಹಸಿರು ದಾರ ಕಟ್ಟಿರುತ್ತಿತ್ತು. "ಕೈ ತಪ್ಪಿ ಅದಲು ಬದಲು ಆಗಬಾರದು, ಇಲ್ಲೆಲ್ಲ ಕೆಮಿಕಲ್ ನೋಡವ್ವ" ಎನ್ನುತ್ತಿದ್ದರು. ಪಂಚಶೀಲಾ ತನ್ನ ಬಾಟಲಿಯನ್ನು ಮನೆಯಿಂದಲೇ ತುಂಬಿಕೊಂಡು ಬರುತ್ತಿದ್ದಳು.

ಕೆಲಸ ಸಮುದ್ರದ್ದು. ಅರಬ್ಬಿ ಸಮುದ್ರದ ತಳದ ಕೆಳಗೊಂದು ಸುಣ್ಣದ ಕಲ್ಲಿನ ಹಾಸು, ಆ ಕಲ್ಲಿನ ಸೂಜಿಮೊನೆಯಂಥ ತೂತುಗಳಲ್ಲಿ ಕಚ್ಚಾ ಎಣ್ಣೆ. ತೈಲ ಕಂಪನಿಯವರು ಒಂದು ಬಾವಿಯಿಂದ ಸಮುದ್ರದ ನೀರನ್ನು ಒಳಗೆ ನೂಕಿ, ಇನ್ನೊಂದರಿಂದ ಎಣ್ಣೆ ಎತ್ತುತ್ತಾರೆ. ಆದರೆ ಕಲ್ಲಿಗೆ ನೀರಿಗಿಂತ ಎಣ್ಣೆಯ ಮೇಲೆ ಮೋಹ ಹೆಚ್ಚು. ನೀರು ತೂತಿನ ನಡುವಿನಿಂದ ಜಾರಿ ಹೋಗುತ್ತದೆ, ಎಣ್ಣೆ ಗೋಡೆಗೆ ಅಂಟಿಕೊಂಡು ಕೂತಲ್ಲೇ ಕೂರುತ್ತದೆ. ಅರ್ಧಕ್ಕಿಂತ ಹೆಚ್ಚು ಹಾಗೆಯೇ ಉಳಿದುಹೋಗುತ್ತದೆ. ಯಾವ ನೀರು ಕೊಟ್ಟರೆ ಈ ಕಲ್ಲು ಎಣ್ಣೆಯ ಕೈ ಬಿಟ್ಟು ನೀರಿನ ಕೈ ಹಿಡಿದೀತು? ಕಂಪನಿ ಕೇಳಿದ ಪ್ರಶ್ನೆ ಇಷ್ಟೇ. ಸಮುದ್ರದ ತಳದ ಕಲ್ಲು ದುಬಾರಿ. ಶಹಾಪುರದ ಸುತ್ತಲಿನ ಫರಸಿಯೂ ಸುಣ್ಣದ್ದೇ, ಕೇಳಿದಷ್ಟು ಸಿಗುತ್ತದೆ. ಅದಕ್ಕೇ ಲ್ಯಾಬು ಇಲ್ಲಿ.

ಬಿಲ್ಲೆಯಷ್ಟು ತೆಳ್ಳಗೆ ಕೊಯ್ದ ಕಲ್ಲನ್ನು ಪಂಚಶೀಲಾ ವಾರಗಟ್ಟಲೆ ಕಚ್ಚಾ ಎಣ್ಣೆಯಲ್ಲಿ ನೆನೆಸಿಡುತ್ತಿದ್ದಳು. ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಬಗೆಬಗೆಯ ನೀರು ತುಂಬಿ, ಬಿಲ್ಲೆಯನ್ನು ಅದರೊಳಗೆ ತೂಗುಬಿಟ್ಟು, ಡೊಂಕು ಸೂಜಿಯಿಂದ ಕಲ್ಲಿನ ಹೊಟ್ಟೆಗೆ ಒಂದು ಹನಿ ಎಣ್ಣೆ ಕೂರಿಸುತ್ತಿದ್ದಳು. ಎಣ್ಣೆ ಹಗುರ, ಕೆಳಗಿನಿಂದ ತೇಲಿ ಹೋಗಿ ಅಂಟುತ್ತದೆ. ಹನಿ ರೊಟ್ಟಿಯಂತೆ ಹರಡಿದರೆ ಕಲ್ಲು ಎಣ್ಣೆಯದು. ಮಣಿಯಂತೆ ದುಂಡಗೆ ನಿಂತರೆ ಕಲ್ಲು ನೀರಿನದು. ಹನಿಯ ಅಂಚು ಕಲ್ಲಿನೊಂದಿಗೆ ಮಾಡುವ ಕೋನವನ್ನು ನೀರಿನ ಕಡೆಯಿಂದ ಅಳೆದು ಬರೆಯಬೇಕು. ತೊಂಬತ್ತು ದಾಟಿದರೆ ಸೋಲು.

ಸಮುದ್ರದ ನೀರು: ನೂರಾ ನಲವತ್ತೆರಡು. ಸಮುದ್ರದ ನೀರಿಗೆ ಹತ್ತು ಪಟ್ಟು ಸಿಹಿ ನೀರು ಬೆರೆಸಿದ್ದು: ನೂರಾ ಇಪ್ಪತ್ತೊಂಬತ್ತು. ಇಪ್ಪತ್ತು ಪಟ್ಟು: ನೂರಾ ಇಪ್ಪತ್ತಾರು. ಹನ್ನೊಂದು ತಿಂಗಳು ಇದೇ ಹಾಡು. ಕಂಪನಿಯವರ ಫೋನು ಬಂದಾಗಲೆಲ್ಲ ಸರ್ ಶೆಡ್ಡಿನ ಹಿಂದೆ ಹೋಗಿ ಮಾತಾಡುತ್ತಿದ್ದರು.

ಒಂದು ಮಧ್ಯಾಹ್ನ ಅವರು ಬಂದು ತಲೆ ಹಿಡಿದು ಕೂತದ್ದು ನೋಡಿ ಪಂಚಶೀಲಾಗೆ ಮರುಕ ಬಂತು. ಆ ಮರುಕವೇ ಅವಳ ಮೊದಲ ತಪ್ಪು.

"ಸರ್, ನಗಬ್ಯಾಡ್ರಿ. ನಮ್ಮ ಕೇರಿ ಬಾವಿ ನೀರು ಕಲ್ಲಿನ ಮ್ಯಾಗಿನ ಎಣ್ಣಿ ಬಿಡಸ್ತದ್ರಿ. ನಮ್ಮವ್ವ ಗುಡಿ ಅಂಗಳ ತೊಳೀತಾಳ."

ಸರ್ ನಗಲಿಲ್ಲ. "ಬಿಸಿ ಮಾಡ್ತಾರೇನು?"

"ಬಿಸಲಿಗಿ ಬಿಡ್ತಾರ್ರಿ. ಮೂರು ತಾಸು."

"ನಾಳೆ ತಗೊಂಡು ಬಾ."

ಮರುದಿನ ತನ್ನ ಬಾಟಲಿಯಲ್ಲೇ ತಂದಳು. ಎಣ್ಣೆ ಕುಡಿದ ಬಿಲ್ಲೆಯನ್ನು ಆ ನೀರಿನಲ್ಲಿ ಮುಳುಗಿಸಿ ಓವನ್ನಿನಲ್ಲಿ ಅರವತ್ತು ಡಿಗ್ರಿ, ಒಂದು ದಿನ. ಆಚೆ ದಿನ ಹನಿ ಕೂರಿಸಿದಳು. ಹನಿ ಕಲ್ಲಿಗೆ ತಾಗಿತು, ಹರಡಲು ನೋಡಿತು, ಆಮೇಲೆ ಯಾರೋ ಗದರಿಸಿದಂತೆ ಮೈ ಮುದುಡಿಕೊಂಡು ಮಣಿಯಾಗಿ ನಿಂತಿತು. ನಲವತ್ತೇಳು. ಅವಳು ಮೂರು ಸಲ ಅಳೆದಳು. ಮೂರು ಸಲವೂ ಪರದೆಯ ಮೇಲೆ ಕಂಡದ್ದು ಗುಡಿಯ ಅಂಗಳದ ನವಣೆಕಾಳು.

ಕಾರಣವನ್ನೂ ಅವಳೇ ಬಿಡಿಸಿದಳು, ಬೋರ್ಡಿನ ಮೇಲೆ, ಸೀಮೆಸುಣ್ಣ ಹಿಡಿದು. ಸುಣ್ಣದ ಕಲ್ಲಿನ ಮೈಯಲ್ಲಿ ಧನ ವಿದ್ಯುತ್ತು, ಎಣ್ಣೆಯೊಳಗಿನ ಆಮ್ಲಗಳಲ್ಲಿ ಋಣ. ಅದಕ್ಕೇ ಅಷ್ಟು ಗಟ್ಟಿ ಅಪ್ಪುಗೆ. ಸಲ್ಫೇಟು ಹೋಗಿ ಕಲ್ಲಿನ ಮೇಲೆ ಕೂತರೆ ಕಲ್ಲಿನ ಸೆಳೆತ ಸಡಿಲವಾಗುತ್ತದೆ. ಆ ಸಡಿಲಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ನುಸುಳಿ ಎಣ್ಣೆಯ ಆಮ್ಲವನ್ನು ಎಳೆದು ಈಚೆ ತರುತ್ತವೆ. ಕಾವು ಇದ್ದರೆ ಕೆಲಸ ಬೇಗ. ಸಮುದ್ರದ ನೀರಿನಲ್ಲೂ ಸಲ್ಫೇಟು ಇದೆ, ಆದರೆ ಅಡುಗೆ ಉಪ್ಪಿನ ಜನಜಂಗುಳಿಯಲ್ಲಿ ಅದಕ್ಕೆ ಕಲ್ಲಿನ ಹತ್ತಿರ ಹೋಗಲು ದಾರಿ ಸಿಗುವುದಿಲ್ಲ. ಸಿಹಿ ನೀರು ಬೆರೆಸಿದರೆ ಉಪ್ಪಿನ ಜೊತೆ ಸಲ್ಫೇಟೂ ತೆಳುವಾಗುತ್ತದೆ. ಕೇರಿಯ ಬಾವಿಯಲ್ಲಿ ಅಡುಗೆ ಉಪ್ಪು ಕಡಿಮೆ, ಕಹಿ ಉಪ್ಪುಗಳು ಹೆಚ್ಚು. ಹನ್ನೊಂದು ತಿಂಗಳು ಹುಡುಕಿದ್ದು ಅಲ್ಲಿ ತಳದಲ್ಲಿ ಕೂತಿತ್ತು.

ಸರ್ ಅವಳ ತಲೆಯ ಮೇಲೆ ಕೈಯಿಟ್ಟರು. "ನೀ ನನ್ನ ಮಗಳಿದ್ದಂಗ" ಎಂದರು. ನಾಲ್ಕು ಕ್ಯಾನು ನೀರು ತರಿಸಿದರು. ತಿಮ್ಮವ್ವ ತಾನೇ ಸೇದಿ ತುಂಬಿಕೊಟ್ಟಳು, ಮಗಳ ಆಫೀಸಿನ ಕೆಲಸವೆಂದು ಕ್ಯಾನಿನ ಬಾಯಿಗೆ ತನ್ನ ಸೀರೆಯ ಅಂಚಿನ ಬಟ್ಟೆ ಸೋಸಲು ಕಟ್ಟಿ. ಲ್ಯಾಬಿನಲ್ಲಿ ಆ ಕ್ಯಾನುಗಳ ಮೇಲೆ ಚೀಟಿ ಬಿತ್ತು: ಬಿ-7. ನೋಟುಬುಕ್ಕಿನಲ್ಲೂ ಬಿ-7. "ಗುಟ್ಟು ಇರಬೇಕವ್ವ, ಬೇರೆ ಲ್ಯಾಬಿನವರು ಮೂಸಿ ನೋಡ್ತಿರ್ತಾರ" ಎಂದರು ಸರ್. ಅವಳು ಹೌದೆಂದಳು.

ಫೆಬ್ರುವರಿ ಕೊನೆಗೆ ಸರ್ ಇನ್ನೊಂದು ಮಾತು ತೆಗೆದರು. "ನಿಮ್ಮ ಕೇರಿಯವರು ಇಂಥಾ ನೀರು ಕುಡೀತಾರಲ್ಲ, ನನಗ ಸಂಕಟ ಆಗ್ತದ. ಕುಡಿಯೋ ನೀರಿನ ಲೆಕ್ಕದಾಗ ಒಂದು ವರದಿ ಬರಿ. ನಾ ಪಂಚಾಯಿತಿಗೆ ಕಳಸ್ತೀನಿ. ನಳ ಬರ್ತದ." ಅವಳು ಆ ಸಂಜೆಯೇ ಬರೆದಳು. ಬಾಲ ಎಳೆದು, ಎರಡು ಚುಕ್ಕಿ ಇಟ್ಟಳು. ಇದು ಎರಡನೆಯ ತಪ್ಪು.

ಈಗ ಬಾವಿಯ ಬಾಯಲ್ಲಿ ಫರಸಿಚೂರು. ಕೇರಿಯ ಹೆಂಗಸರು ಮೇಲಿನ ಓಣಿಯ ಬೋರಿನ ಮುಂದೆ ಕೊಡ ಸಾಲಿಟ್ಟು, ಯಾರಾದರೂ ಬಂದು ಪೈಪು ಎತ್ತಿ ಮೇಲಿನಿಂದ ಹಾಕುವವರೆಗೆ ಕಾಯುತ್ತಿದ್ದರು. ನಳ ಮುಟ್ಟುವಂತಿಲ್ಲ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಗುರುವಾರ ಪಂಚಶೀಲಾ ರಜೆ ಹಾಕಿ ಅವ್ವನೊಂದಿಗೆ ಪಂಚಾಯಿತಿ ಸದಸ್ಯ ದೇವಿಂದ್ರನ ಮನೆಗೆ ಹೋದಳು. ದೇವಿಂದ್ರ ಕಟ್ಟೆಯ ಮೇಲೆ ಕೂತು ಹಲ್ಲುಕಡ್ಡಿ ಆಡಿಸುತ್ತಿದ್ದ.

"ಯಪ್ಪಾ, ಬಾವಿ ಮುಚ್ಚೀರಿ. ನಳ ಎಲ್ಲದ?" ಎಂದಳು ತಿಮ್ಮವ್ವ.

"ನಳ ಬ್ಯಾರೆ ಇಲಾಖಿ ತಿಮ್ಮವ್ವ. ಮುಚ್ಚೋದು ನಮ್ಮ ಇಲಾಖಿ."

"ತಗಿಯೋದು ಯಾರ ಇಲಾಖಿ?"

"ನನಗ್ಯಾಕ ಜಬರ್ದಸ್ತಿ ಮಾಡ್ತಿ? ನಿನ್ನ ಮಗಳನ್ನ ಕೇಳು. ಆಕೀನೇ ಬರದಾಳ, ವಿಷ ಅದ ಅಂತ."

"ವಿಷ ಅಂತ ಬರದಿಲ್ರಿ," ಎಂದಳು ಪಂಚಶೀಲಾ. "ಮುಚ್ಚರಿ ಅಂತನೂ ಬರದಿಲ್ಲ."

ದೇವಿಂದ್ರನಿಗೆ ರೋಷ ಬಂತು. ಒಳಗಿನಿಂದ ಫೈಲು ತಂದು ಅವಳ ಮುಂದೆ ಬಿಸಾಕಿದ. "ಓದು. ಕಲತಾಕಿ ಇದ್ದೀಯಲ್ಲ, ಓದು."

ಅವಳ ವರದಿ ಎರಡನೆಯ ಪುಟವಾಗಿತ್ತು. ಮೊದಲ ಪುಟ ಅವಳು ಎಂದೂ ಕಾಣದ್ದು. ಲ್ಯಾಬಿನ ತಲೆಬರಹ, ಮಾರ್ಚ್ ಒಂದರ ತಾರೀಖು, ಶಿವಶರಣ ಸರ್ ಅವರ ಶಿಕ್ಕಾ. 'ಲಗತ್ತಿಸಿದ ವರದಿಯ ಆಧಾರದ ಮೇಲೆ, ಸದರಿ ಬಾವಿಯನ್ನು ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಕೂಡಲೇ ಹಾಗೂ ಶಾಶ್ವತವಾಗಿ ಮುಚ್ಚಲು ಶಿಫಾರಸು ಮಾಡಲಾಗಿದೆ.' ಶಾಶ್ವತವಾಗಿ ಎನ್ನುವುದರ ಕೆಳಗೆ ಗೆರೆ ಎಳೆದಿತ್ತು. ಪಂಚಶೀಲಾ ಎರಡೂ ಪುಟಗಳ ಫೋಟೋ ತೆಗೆದುಕೊಂಡಳು. ಯಾಕೆ ಮುಚ್ಚಿಸಿದರು? ನೀರು ಬೇಕಾದವರು ಬಾವಿ ಯಾಕೆ ಮುಚ್ಚಿಸುತ್ತಾರೆ? ಅದು ಅವತ್ತು ಅವಳಿಗೆ ಹೊಳೆಯಲಿಲ್ಲ.

ಶನಿವಾರ ಎಂದಿನಂತೆ ಎಣ್ಣೆ ಹರಿಯಿತು. ಭಾನುವಾರ ತೊಳೆಯಲು ನೀರಿರಲಿಲ್ಲ. ಮುಂದಿನ ಶನಿವಾರ ಅದರ ಮೇಲೆ ಇನ್ನೊಂದು ಪದರ. ಮೂರನೆಯ ಶನಿವಾರ ದೇವಿಂದ್ರನೇ, ಹೊಸ ಧೋತರ ಉಟ್ಟು, ತಂಬಿಗೆ ಎಣ್ಣೆ ಹಿಡಿದು ಒಂದೇ ಒಂದು ಹೆಜ್ಜೆ ಇಟ್ಟದ್ದು. ಎಣ್ಣೆ ಒಂದು ಕಡೆ, ತಂಬಿಗೆ ಒಂದು ಕಡೆ, ಧೋತರ ಒಂದು ಕಡೆ. ದೇವಿಂದ್ರ ಅಂಗಳದ ಈ ತುದಿಯಿಂದ ಆ ತುದಿಗೆ ಕೂತುಕೊಂಡೇ ಪ್ರಯಾಣ ಮಾಡಿದ.

ಸೋಮವಾರ ಶಹಾಪುರದಲ್ಲಿ ಕಲ್ಲು ಕೊಯ್ಯುವ ಬಾಷುಮಿಯಾ ಈ ಸುದ್ದಿ ಹೇಳಿ ನಕ್ಕೂ ನಕ್ಕೂ ಕೆಮ್ಮಿದ. ಲ್ಯಾಬಿಗೆ ಬಿಲ್ಲೆ ಕೊಯ್ದು ಕೊಡುವವನು ಅವನೇ. ಬಸ್ಸು ಬದಲಿಸುವ ಊರಾದ್ದರಿಂದ ಪಂಚಶೀಲಾ ದಾರಿಯಲ್ಲೇ ತೆಗೆದುಕೊಂಡು ಹೋಗುವುದು ರೂಢಿ.

"ದೇವಿಂದ್ರಪ್ಪ ದವಾಖಾನ್ಯಾಗ ಬೋರಲ ಮಲಗ್ಯಾನಂತ ಬೇಟಾ. ಕೂಡಾಕ ಬರಂಗಿಲ್ಲಂತ. ಕುರ್ಚಿ ಮ್ಯಾಲ ಕೂಡೋ ಮನಷ್ಯಾ, ಪಾಪ!"

ಅವಳಿಗೆ ನಗು ಬರಲಿಲ್ಲ. ಬಾಷುಮಿಯಾ ಅವಳ ಮುಖ ನೋಡಿ ನಗು ನಿಲ್ಲಿಸಿದ. ಬಿಲ್ಲೆಗಳನ್ನು ಒಂದೊಂದಾಗಿ ಹಳೆಯ ಪೇಪರಿನಲ್ಲಿ ಸುತ್ತತೊಡಗಿದ. ಪ್ರತಿ ಬಿಲ್ಲೆಯ ಬೆನ್ನಿಗೂ ಉಳಿಯಿಂದ ಸಣ್ಣ ಗೀರು ಹಾಕಿದ್ದ: ಎರಡು ಅಡ್ಡ ಗೀರಾದರೆ ವನದುರ್ಗದ ಗಣಿ, ಒಂದು ಓರೆ ಗೀರಾದರೆ ಬಂಡೆಹಾಳದ್ದು. ಅವನ ಅಪ್ಪ ಹಾಕುತ್ತಿದ್ದ, ಅಪ್ಪನ ಅಪ್ಪ ಹಾಕುತ್ತಿದ್ದ. ಯಾವ ಮನೆಯ ಹಾಸುಗಲ್ಲು ಮಗುಚಿ ನೋಡಿದರೂ ಯಾವ ಗಣಿಯ ಕಲ್ಲೆಂದು ಅವರು ಹೇಳುತ್ತಾರೆ.

"ನಿಮ್ಮ ಲ್ಯಾಬಿನ ಸಾಹೇಬ್ರು ಹ್ವಾದ ವಾರ ಫೋನ್ ಮಾಡಿದ್ರು. ಇನ್ಮ್ಯಾಲ ಗೀರು ಹಾಕಬ್ಯಾಡ ಅಂದ್ರು," ಎಂದ. "ಯಾಕ್ರೀ ಅಂದ್ನಿ. ಯಾವೂರ ಕಲ್ಲಾದರೇನು, ಕಲ್ಲು ಕಲ್ಲೇ ಅಂದ್ರು. ಅದ್ಹ್ಯಾಂಗ ಆಗ್ತದ ಬೇಟಾ? ಗೀರಿಲ್ಲದ ಕಲ್ಲು ಕದ್ದ ಕಲ್ಲು ಅಂತಿದ್ರು ನಮ್ಮ ಅಬ್ಬಾ."

"ಹಾಕೀರಲ್ಲ ಕಾಕಾ ಮತ್ತ."

"ಕೈ ಕೇಳಂಗಿಲ್ಲಲ್ಲ." ಕಡೆಯ ಬಿಲ್ಲೆ ಸುತ್ತಿದ. "ಅಲ್ಲ, ನಾ ಕಲ್ಲಿಗೇ ಊರು ಬರೀತೀನಿ. ನಿಮ್ಮವ್ವನ ನೀರು ನಾಕು ಕ್ಯಾನು ಇದೇ ಬಸ್‌ಸ್ಟ್ಯಾಂಡಿನಾಗಿಂದ ಹೋದ್ವು, ನಾನೇ ಹೊತ್ತು ಬಸ್ಸಿಗಿ ಹಾಕಿದ್ನಿ. ನೀ ಅದಕ್ಕ ಊರು ಬರದಿಯೇನು?"

ಬಸ್ಸು ಯಾದಗಿರಿ ಮುಟ್ಟುವತನಕ ಪಂಚಶೀಲಾ ಮಡಿಲಲ್ಲಿ ಆ ಬಿಲ್ಲೆಗಳನ್ನಿಟ್ಟುಕೊಂಡು ಕೂತಿದ್ದಳು. ಬಿ-7. ಆ ಚೀಟಿ ಬರೆದದ್ದೂ ಅವಳೇ.

ಲ್ಯಾಬಿನಲ್ಲಿ ಸರ್ ಖುಷಿಯಲ್ಲಿದ್ದರು. ಅಂಗಿಗೆ ಇಸ್ತ್ರಿ, ಮೇಜಿನ ಮೇಲೆ ಪೇಡೆಯ ಡಬ್ಬಿ.

"ಬಾರವ್ವ ಪಂಚಶೀಲಾ, ಕೂಡು. ಬಾಯಿ ಸಿಹಿ ಮಾಡ್ಕೋ. ಪೇಟೆಂಟ್ ಅರ್ಜಿ ಹಾಕೇವಿ. ಕಂಪನಿಯವರು ಕುಣ್ಯಾಕತ್ತಾರ. ನೋಡು, ಮೂರನೇ ಹೆಸರು ನಿಂದೇ."

ಮೊದಲ ಹೆಸರು ಸರ್ ಅವರದು. ಎರಡನೆಯದು ಕಂಪನಿಯ ಯಾವನೋ ಅಧಿಕಾರಿ. ಲ್ಯಾಬಿಗೆ ಒಂದು ಸಲ ಬಂದು, ವಾಸನೆಯೆಂದು ಕರವಸ್ತ್ರ ಹಿಡಿದು ಹೋಗಿದ್ದವನು.

"ಪ್ರಯೋಗ ಮಾಡಿದಾಕಿ ನೀನು, ನೋಟುಬುಕ್ಕಿನ ಅಕ್ಷರ ನಿಂದು. ಅದಕ್ಕ ನಿನ್ನ ಕಡೆಯಿಂದ ಒಂದು ಪ್ರಮಾಣ ಬೇಕಂತ ವಕೀಲರು. ಬರೇ ರುಜು ಅಷ್ಟೇ."

ಕಾಗದ ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ತಂದರೆ ಇಷ್ಟು: ಈ ಜಲಮಿಶ್ರಣವನ್ನು ಅರ್ಜಿದಾರರ ಪ್ರಯೋಗಾಲಯದಲ್ಲಿ ಮೊಟ್ಟಮೊದಲ ಬಾರಿಗೆ ರೂಪಿಸಲಾಯಿತು. ಸುಣ್ಣದ ಕಲ್ಲಿನಿಂದ ಎಣ್ಣೆ ಬಿಡಿಸಲು ಇಂಥ ನೀರನ್ನು ಇದಕ್ಕೂ ಮುಂಚೆ ಯಾರೂ, ಎಲ್ಲಿಯೂ, ಯಾವ ರೂಪದಲ್ಲಿಯೂ ಬಳಸಿದ್ದು ನನ್ನ ತಿಳಿವಳಿಕೆಗೆ ಬಂದಿಲ್ಲ.

ಅವಳು ಎರಡನೆಯ ಸಾಲನ್ನು ಮತ್ತೊಮ್ಮೆ ಓದಿದಳು. ಗೋಡೆಯ ಹೊರಗಿನ ನೆರಳು, ಅವ್ವನ ಕೈಯ ಕಸಬರಿಗೆ, ಬಿಸಿಲಿಗೆ ಕಾಯಲಿ ಎನ್ನುವ ದನಿ. ಯಾರೂ, ಎಲ್ಲಿಯೂ. ಆಗ ಅವಳಿಗೆ ಹೊಳೆಯಿತು. ನೀರಿನ ಒಳಗಿನದೆಲ್ಲ ಬರೆದುಕೊಂಡ ಮೇಲೆ ಇವರಿಗೆ ಬಾವಿಯ ಅಗತ್ಯವಿರಲಿಲ್ಲ. ಉಪ್ಪು ಬೆರೆಸಿ ಎಲ್ಲಿ ಬೇಕಾದರೂ ಮಾಡಿಕೊಳ್ಳಬಹುದು. ಬಾವಿ ಉಳಿದರೆ ಮಾತ್ರ ತೊಂದರೆ. ಬಾವಿ ಇದ್ದರೆ ಯಾರಾದರೂ ಬಂದು ನೋಡಿಯಾರು, ಅಂಗಳ ತೊಳೆಯುವ ಹೆಂಗಸರನ್ನು ಕೇಳಿಯಾರು. ಜನ ಮೊದಲೇ ಬಲ್ಲದ್ದಕ್ಕೆ ಪೇಟೆಂಟ್ ಸಿಗುವುದಿಲ್ಲ.

"ಸರ್, ಅರ್ಜಿ ಎಂದು ಹಾಕಿದ್ರಿ?"

"ಮಾರ್ಚ್ ಮೂರಕ್ಕ."

"ಬಾವಿ ಮುಚ್ಚಂತ ಬರದದ್ದು ಒಂದಕ್ಕ."

ಸರ್ ಪೇಡೆ ಮುರಿಯುತ್ತಿದ್ದವರು ನಿಲ್ಲಿಸಿದರು. "ಅದು ಆರೋಗ್ಯದ ಪ್ರಶ್ನಿ. ವರದಿ ನಿಂದೇ ಅಲ್ಲ?"

"ವರದಿ ನಂದು. ಶಾಶ್ವತವಾಗಿ ಅನ್ನೋದರ ಕೆಳಗಿನ ಗೆರಿ ನಿಮ್ಮದು."

"ನೋಡವ್ವ," ಸರ್ ದನಿ ಮೆತ್ತಗೆ ಮಾಡಿದರು, ಸಭೆಯಲ್ಲಿ ಕಣ್ಣು ತುಂಬಿಕೊಳ್ಳುವಾಗಿನ ದನಿ. "ಸಣ್ಣದು ಹಿಡಕೊಂಡು ದೊಡ್ಡದು ಕಳಕೋಬ್ಯಾಡ. ರುಜು ಹಾಕು, ಕಂಪನಿಯಿಂದ ನಿಮ್ಮ ಕೇರಿಗೆ ಶುದ್ಧ ನೀರಿನ ಘಟಕ ಹಾಕಸ್ತೀನಿ. ಗುಂಡಿ ಒತ್ತಿದ್ರ ನೀರು. ನಿಮ್ಮವ್ವನ ಕಡೆಯಿಂದಲೇ ಉದ್ಘಾಟನೆ ಮಾಡಸೋಣ. ಅಂಗಳ ತೊಳಿಯೋ ಹೆಂಗಸರಿಗೆ ಸಲ್ಫೇಟು ಅಂದ್ರೇನು ಗೊತ್ತದ? ಗೊತ್ತಿಲ್ಲದೆ ಮಾಡಿದ್ದು ವಿಜ್ಞಾನ ಆಗ್ತದೇನು?"

"ಬಿಸಲಿಗಿ ಬಿಡಬೇಕು ಅಂತ ಗೊತ್ತಿತ್ತಲ್ರಿ. ನಿಮಗ ಹನ್ನೊಂದು ತಿಂಗಳು ಗೊತ್ತಿರಲಿಲ್ಲ."

ಸರ್ ಮುಖ ಕೆಂಪಾಯಿತು. ಎದ್ದು ಕಿಟಕಿಯತ್ತ ಹೋಗಿ, ತಿರುಗಿ ಬಂದರು. ಮೇಜಿನ ಕೆಳಗಿದ್ದ ಕ್ಯಾನಿನ ಕಡೆ ಬೆರಳು ತೋರಿಸಿದರು. ನಾಲ್ಕರಲ್ಲಿ ಉಳಿದದ್ದು ಅದೊಂದೇ, ಅದೂ ಅರ್ಧ. ಬಾಯಿಗೆ ಅವ್ವನ ಸೀರೆಯ ಅಂಚು ಇನ್ನೂ ಕಟ್ಟಿತ್ತು.

"ನಾಳೆ ಕಂಪನಿಯವರು ಬರ್ತಾರ. ಲ್ಯಾಬಿನಾಗ ನಾವು ಬೆರೆಸಿದ ನೀರು ಬಿಟ್ಟು ಇನ್ನೊಂದು ಇರಬಾರದು. ಅದನ್ನ ಸಿಂಕಿಗೆ ಸುರುವು. ಸುರುವಿ ಬಂದು ರುಜು ಹಾಕು. ಆಮ್ಯಾಲ ಶಾಂತ ಕೂತು ಮಾತಾಡೋಣ."

ಹದಿನಾಲ್ಕು ಅಡಿ ನೀರಿನಲ್ಲಿ ಭೂಮಿಯ ಮೇಲೆ ಉಳಿದಿದ್ದದ್ದು ಆ ಅರ್ಧ ಕ್ಯಾನು.

ಪಂಚಶೀಲಾ ಬಗ್ಗಿ ಕ್ಯಾನನ್ನು ಎರಡೂ ಕೈಯಿಂದ ಎತ್ತಿದಳು. ಸರ್ ಕಾಗದಗಳನ್ನು ಒಟ್ಟು ಮಾಡತೊಡಗಿದರು. ಅವಳು ಸಿಂಕಿನ ಕಡೆ ಹೋಗಲಿಲ್ಲ. ಕ್ಯಾನನ್ನು ತಂದು ಅವರ ಮೇಜಿನ ನಡುವೆ, ಪೇಡೆಯ ಡಬ್ಬಿಯ ಪಕ್ಕಕ್ಕೆ, ಹಸಿರು ದಾರದ ಬಾಟಲಿಗೆ ತಾಗಿಸಿ ಇಟ್ಟಳು. ಬಿ-7 ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು. ಕಿಸೆಯಿಂದ ದಪ್ಪ ಪೆನ್ನು ತೆಗೆದು ಪ್ಲಾಸ್ಟಿಕ್ಕಿನ ಮೇಲೆಯೇ, ಅವಸರ ಮಾಡದೆ, ಕನ್ನಡದಲ್ಲಿ ಬರೆದಳು: ಬಂಡೆಹಾಳ ಕೇರಿ ಬಾವಿ. ಸೇದಿದಾಕಿ ತಿಮ್ಮವ್ವ. ಕೆಳಗೆ ಒಂದು ಓರೆ ಗೀರು. ಫೋನು ತೆಗೆದು ಅದರ ಫೋಟೋ ಹಿಡಿದಳು. ಪಂಚಾಯಿತಿಯ ಎರಡು ಪುಟಗಳ ಪಕ್ಕದಲ್ಲಿ ಅದೂ ಕೂತಿತು.

"ಏನ್ ಮಾಡಾಕತ್ತೀ?" ಸರ್ ದನಿಯಲ್ಲಿ ಈಗ ಮಗಳೂ ಇರಲಿಲ್ಲ, ಅವ್ವನೂ ಇರಲಿಲ್ಲ. "ಸುರುವು ಅಂದ್ನಿ. ನಿನಗ ಹೇಳಾಕತ್ತೀನಿ, ಸುರುವು ಅದನ್ನ."

"ಸುರುವಂಗಿಲ್ರಿ," ಎಂದಳು ಪಂಚಶೀಲಾ. ಪ್ರಮಾಣದ ಕಾಗದವನ್ನು ಎರಡು ಬೆರಳಿನಿಂದ ಅವರ ಕಡೆಗೆ ಸರಿಸಿದಳು. "ರುಜುನೂ ಹಾಕಂಗಿಲ್ಲ."